ಫ್ರೆಂಚ್ ರಾಣಿಯ ಹುಣಸೆಹಣ್ಣಿನ ಸ್ನಾನ

ಮೊನ್ನೆ ಸಂಜೆ ಸಾರಿಗೆಂದು ಹುಣಸೆಹಣ್ಣು ನೆನೆಹಾಕಿದೆ. ಆಮೇಲೆ ಸಾರು ಮಾಡುವ ಉತ್ಸಾಹವೇ ಇಳಿದುಹೋಗಿ, ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿಕೊಂಡು ತಿಂದು ಕೂತೆ. ಸಿಡ್ನಿಯ ಬ್ಲ್ಯಾಕ್‌ಟೌನಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಒಬ್ಬನೇ ಇರುವವನ ಅಡುಗೆ ಹೀಗೇ. ಆರಂಭ ಹಬ್ಬದ್ದು, ಮುಕ್ತಾಯ ಬ್ರೆಡ್ಡಿನದು. ಬಟ್ಟಲು ಸಿಂಕಿನ ಪಕ್ಕ ಹಾಗೇ ಇತ್ತು. ಕಿಟಕಿ ಮುಚ್ಚಿದ ಮನೆ. ಸ್ವಲ್ಪ ಹೊತ್ತಿಗೆ ಆ ಹುಳಿ ವಾಸನೆ ಎದ್ದು, ಕರೆಯದೆ ಬಂದ ನೆಂಟನ ಹಾಗೆ ಸೋಫಾದ ಮೇಲೆ ನನ್ನ ಪಕ್ಕದಲ್ಲೇ ಬಂದು ಕೂತಿತು. ಹುಣಸೆಹಣ್ಣಿನ ವಾಸನೆಗೆ ನಿಮಗಾದರೆ ಬಾಯಲ್ಲಿ ನೀರು ಬರಬಹುದು. ನನಗೆ ಒಬ್ಬ ಫ್ರೆಂಚ್ ಹೆಂಗಸು ನೆನಪಾಗುತ್ತಾಳೆ.

ತಪ್ಪು ತಿಳಿಯಬೇಡಿ. ಆಕೆ ನನ್ನ ಹೆಬ್ಬೆರಳಿನಷ್ಟು ಎತ್ತರ. ಮಿಠಾಯಿ ಇಡುವ ಪುಟ್ಟ ತಾಮ್ರದ ಡಬ್ಬಿಯೊಂದರ ಮುಚ್ಚಳದ ಮೇಲೆ, ಗಿಣಿಹಸಿರಿನ ಮರದ ಕೆಳಗೆ, ಗುಲಾಬಿ ಲಂಗ ಹರಡಿಕೊಂಡು, ಗರಿ ಸಿಕ್ಕಿಸಿದ ಟೋಪಿ ಹಾಕಿಕೊಂಡು ಕೂತವಳು. ಪಕ್ಕದಲ್ಲಿ ಬಿಳಿ ಸುಳ್ಳುಗೂದಲಿನ ಒಬ್ಬ ಸಾಹೇಬ, ಕೈಯಲ್ಲಿ ಕೊಳಲು. ನಮ್ಮ ಮುತ್ತಜ್ಜಂದಿರ ಕಾಲಕ್ಕೂ ಹಿಂದೆ ಫ್ರಾನ್ಸಿನಲ್ಲಿ ಯಾರೋ ತಾಮ್ರದ ಮೇಲೆ ಗಾಜಿನ ಪುಡಿ ಹರಡಿ, ಕುಲುಮೆಯಲ್ಲಿ ಕರಗಿಸಿ, ಕೂದಲೆಳೆಯಂಥ ಕುಂಚದಿಂದ ಚಿತ್ರ ಬರೆದು, ಒಂದೊಂದು ಬಣ್ಣಕ್ಕೂ ಮತ್ತೆ ಮತ್ತೆ ಸುಟ್ಟು ಮಾಡಿದ್ದು. ಎನಾಮೆಲ್ ಕೆಲಸ ಎನ್ನುತ್ತಾರೆ. ಎನಾಮೆಲ್ ಎಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ತುಮಕೂರಿನಲ್ಲಿ ನಮ್ಮಜ್ಜಿ ಸೊಪ್ಪು ತೊಳೆಯುತ್ತಿದ್ದ ನೀಲಿ ಅಂಚಿನ ಬಿಳಿ ಬೇಸಿನ್ನು, ಅಲ್ಲಲ್ಲಿ ಚಕ್ಕೆ ಎದ್ದು ಕಪ್ಪಾಗಿದ್ದದ್ದು. ಈ ಡಬ್ಬಿ ಆ ಬೇಸಿನ್ನಿನ ದೂರದ, ಸಿರಿವಂತ, ಸ್ವಲ್ಪ ಜಂಬದ ಸೋದರಸಂಬಂಧಿ ಎಂದುಕೊಳ್ಳಿ.

ಈ ಹೆಂಗಸನ್ನು ನಾನು ಕಂಡದ್ದು ಮೆಲ್ಬರ್ನಿನಲ್ಲಿ, ಕ್ಲೇಟನ್‌ನಲ್ಲಿ ಓದುತ್ತಿದ್ದಾಗ. ಓದುತ್ತಿದ್ದೆ ಎನ್ನುವುದು ಮನೆಯವರಿಗೆ ಹೇಳಿದ್ದು. ನಿಜವಾಗಿ ಮಾಡುತ್ತಿದ್ದದ್ದು ಮಿಮಿಕ್ರಿ. ಪ್ರೊಫೆಸರರು, ಬಸ್ಸಿನ ಡ್ರೈವರು, ಮನೆ ಇನ್‌ಸ್ಪೆಕ್ಷನ್ನಿಗೆ ಬಂದು ನಮ್ಮ ಓವನ್ನಿನೊಳಗೆ ತಲೆ ಹಾಕಿ ನಿಟ್ಟುಸಿರು ಬಿಡುವ ಏಜೆಂಟಮ್ಮ, ಎಲ್ಲರನ್ನೂ ಬಾಡಿಗೆ ಮನೆಯ ಅಡುಗೆಕೋಣೆಗೆ ಕರೆತಂದು ನಿಲ್ಲಿಸುತ್ತಿದ್ದೆ. ದನಿ ಹಿಡಿಯುವುದು ಕಷ್ಟವೇನಲ್ಲ. ಮಾತು ಶುರುಮಾಡುವ ಮುಂಚೆ ಒಬ್ಬರು ಉಸಿರನ್ನು ಎಲ್ಲಿಂದ ಎಳೆದುಕೊಳ್ಳುತ್ತಾರೆ ನೋಡಿಕೊಂಡರೆ ಅರ್ಧ ಕೆಲಸ ಆಯಿತು. ಉಳಿದರ್ಧ ನಾಚಿಕೆ ಬಿಡುವುದು. ಅದು ನನ್ನ ಹತ್ತಿರ ಮೊದಲಿಂದಲೂ ಇರಲಿಲ್ಲ. ಜೊತೆಗಿದ್ದ ಮೆಲ್ವಿನ್, ಮಂಗಳೂರಿನ ಕೊಂಕಣಿ ಹುಡುಗ, ಒಂದು ದಿನ ಚಪಾತಿ ಮಗುಚುತ್ತ ಹೇಳಿದ: “ನೀನೊಮ್ಮೆ ನಿನ್ನ ಸ್ವರದಲ್ಲಿ ಮಾತಾಡು ಮಾರಾಯ. ಒಟ್ಟಿಗೆ ಇದ್ದು ಇಷ್ಟು ಸಮಯ ಆಯ್ತು, ನಿನ್ನದು ಹೇಗುಂಟು ಅಂತಲೇ ನಂಗೊತ್ತಿಲ್ಲ.” ನಾನು ಅವನದೇ ದನಿಯಲ್ಲಿ, “ಎಂತ ಮಾರಾಯ, ಹಾಗೆಲ್ಲ ಹೇಳುದಾ?” ಎಂದೆ. ಅವನು ಚಪಾತಿ ಎಸೆದ. ಬಿಸಿಯಾಗಿತ್ತು.

ಡಾಕ್ಟರ್ ಅಂಕಲ್ ಸಿಕ್ಕಿದ್ದು ಕನ್ನಡ ಸಂಘದ ಒಂದು ಯುಗಾದಿ ಊಟದಲ್ಲಿ. ವೇದಿಕೆಯಿಂದ ಭಾಷಣ ಮುಗಿಸಿ ಇಳಿದವರೊಬ್ಬರ ಭಾಷಣವನ್ನು ನಾನು ಪಾಯಸದ ಸಾಲಿನಲ್ಲಿ ಅವರದೇ ದನಿಯಲ್ಲಿ ಮತ್ತೊಮ್ಮೆ ಮಾಡುತ್ತಿದ್ದೆ. ಹಿಂದಿನಿಂದ ಯಾರೋ, “ಸರಿ, ಈಗ ನನ್ನನ್ನ ಮಾಡು ನೋಡೋಣ” ಎಂದರು. ತಿರುಗಿದರೆ ಇಸ್ತ್ರಿ ಮುರಿಯದ ಶರ್ಟಿನ ಎತ್ತರದ ಮುದುಕರು. ಮೈಸೂರಿನವರು, ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು ಎಂದು ಆಮೇಲೆ ಗೊತ್ತಾಯಿತು. ಆದರೆ ಎರಡು ವಾಕ್ಯಕ್ಕೇ ಅವರು ನನಗೆ ಸಿಕ್ಕಿಬಿಟ್ಟಿದ್ದರು: ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ರೋಗಿಗೆ ನಿದ್ದೆ ಹತ್ತುವಷ್ಟು ಬಿಡುವು. ಮಾಡಿ ತೋರಿಸಿದೆ. ಅಂಕಲ್ ತಟ್ಟೆಯ ಹೋಳಿಗೆ ಜಾರುವಷ್ಟು ನಕ್ಕರು. “ಥೂ ನಿನ್ನ! ನನ್ನ ಹೆಂಡತಿ ಇದ್ದಿದ್ರೆ ನಿನ್ನನ್ನ ದತ್ತು ತಗೋತಿದ್ಲು ಕಣೋ. ಭಾನುವಾರ ಮನೆಗೆ ಬಾ. ಪಕ್ಕದಲ್ಲಿ ನಗ್ತಾ ನಿಂತಿದಾನಲ್ಲ, ಅವನನ್ನೂ ಕರ್ಕೊಂಡು ಬಾ.”

ಹೆಂಡತಿ ವತ್ಸಲಾ ಆಂಟಿ ತೀರಿಕೊಂಡು ಆಗ ವರ್ಷವಾಗಿರಲಿಲ್ಲ. ಮಕ್ಕಳಿರಲಿಲ್ಲ. ಮನೆ ದೊಡ್ಡದು, ಶುಭ್ರ. ಯಾವ ಕುರ್ಚಿಯ ಮೇಲೂ ಯಾರೂ ಕೂತ ಗುರುತಿಲ್ಲ. ಹಾಲ್‌ನಲ್ಲಿದ್ದ ಗಾಜಿನ ಬೀರುವಿನಲ್ಲಿ ಮಾತ್ರ ಜನಜಂಗುಳಿ. ಅದೇ ಆಂಟಿಯ ಎನಾಮೆಲ್ ಸಂಸಾರ.

ಅದರ ಕಥೆ ಇಷ್ಟು. ಮದುವೆಯಾಗಿ ಈ ದೇಶಕ್ಕೆ ಬರುವಾಗ ಆಂಟಿ ತವರಿನ ದಸರಾ ಗೊಂಬೆಗಳನ್ನು ಹುಲ್ಲಿನಲ್ಲಿ ಸುತ್ತಿ ತಂದಿದ್ದರಂತೆ. ಹುಳುಹುಪ್ಪಟೆಗೆ ಹೆದರುವ ಇಲ್ಲಿಯ ವಿಮಾನ ನಿಲ್ದಾಣ ನಿಮಗೆ ಗೊತ್ತಲ್ಲ; ಮನುಷ್ಯರಿಗಾದರೂ ವೀಸಾ ಸಿಗುತ್ತದೆ, ಹುಲ್ಲುಕಡ್ಡಿಗೆ ಸಿಗುವುದಿಲ್ಲ. ಮರದ ರಾಜರಾಣಿಯರ ಬೆನ್ನಲ್ಲಿ ಹುಳು ಕೊರೆದ ತೂತು ಕಂಡಿತು. ಆಂಟಿ ದೇಶದೊಳಗೆ ಬಂದರು, ರಾಜರಾಣಿ ಅಲ್ಲೇ ಉಳಿದರು. ಗೊಂಬೆಗಳ ಮೆಟ್ಟಿಲ ತುದಿಯಲ್ಲಿ ಆ ಜೋಡಿ ಕೂರದೆ ಮೈಸೂರಿನವರಿಗೆ ದಸರೆ ಹುಟ್ಟುವುದೇ ಇಲ್ಲ. ಆ ವರ್ಷ ಒಂದು ಭಾನುವಾರದ ಸಂತೆಯಲ್ಲಿ, ಹಳೇ ಚಮಚ, ನಿಂತ ಗಡಿಯಾರಗಳ ನಡುವೆ, ಆಂಟಿಯ ಕಣ್ಣಿಗೆ ಈ ಡಬ್ಬಿ ಬಿತ್ತು. ಮರದ ಕೆಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರ ಮೈಮೇಲೂ ರೇಷ್ಮೆ. ಅಲ್ಲೇ ಪಟ್ಟಾಭಿಷೇಕ ಮಾಡಿಬಿಟ್ಟರು. ತಾಮ್ರ, ಗಾಜು, ಹುಳು ಹಿಡಿಯುವ ಭಯವಿಲ್ಲ.

ಪ್ರತಿ ದಸರೆಗೂ ಹೊಸ ಗೊಂಬೆಯೊಂದು ಸೇರಬೇಕಲ್ಲ, ಹಾಗೆ ಪ್ರಜೆಗಳು ಬಂದರು. ಅತ್ತರಿನ ಸೀಸೆಯ ಮೇಲೆ ಕುರಿಮರಿ ಎತ್ತಿಕೊಂಡ ಹುಡುಗಿ. ಆಂಟಿ ಅವಳನ್ನು ಗೌಡರ ಮಗಳು ಎಂದು ಕರೆದರು. ಜೋಡಿ ಹೂದಾನಿಗಳ ಮೇಲೆ ರೆಕ್ಕೆಯ ಬೆತ್ತಲೆ ಮಕ್ಕಳು. ಅವರು ಮನ್ಮಥನ ಅಕ್ಕನ ಮಕ್ಕಳಾದರು. ಕೋಲು ಹಿಡಿದು ಹೊಲದಲ್ಲಿ ನಿಂತ ಸಾಹೇಬ ದಿವಾನನಾದ. ವರ್ಷವಿಡೀ ಬೀರುವಿನಲ್ಲಿ ಫ್ರೆಂಚರಾಗಿದ್ದವರು ನವರಾತ್ರಿ ಬಂದರೆ ಮೈಸೂರಿನವರಾಗುತ್ತಿದ್ದರು. ಇಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕವರ ಹಾಗೆ, ಎರಡೂ ಕಡೆ ಸಲ್ಲುತ್ತಿದ್ದರು.

ಅಂಕಲ್ ನಮಗೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಅವರಿಗೆ ಎನಾಮೆಲ್ಲಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದೆಲ್ಲ ಆಂಟಿ ಹೇಳಿದ್ದು, ಹೇಳಿದ ಹಾಗೇ. “ದಿವಾನರನ್ನ ನೋಡು. ವತ್ಸಲಾ ಏನಂತಿದ್ಲು ಅಂದ್ರೆ, ‘ಹೊಲದ ಮಧ್ಯೆ ನಿಂತಿದಾನೆ, ಬೂಟಿಗೆ ಒಂದು ಚೂರು ಕೆಸರಿಲ್ಲ, ಇವನು ಯಾವತ್ತೂ ಕೆಲಸ ಮಾಡಿದವನಲ್ಲ.’” ಅಷ್ಟು ಹೇಳಿ ನಿಲ್ಲಿಸುತ್ತಿದ್ದರು. “ಊಹೂಂ. ಹೀಗಲ್ಲ.” ದನಿ ಸ್ವಲ್ಪ ಏರಿಸಿ ಮತ್ತೆ ಹೇಳುವರು. ತಲೆಯಾಡಿಸುವರು. ರಾಣಿಯ ಬಗ್ಗೆ ಆಂಟಿಯ ಮಾತು: ‘ನಗು ಬಂದಿದೆ, ಅತ್ತೆ ನೋಡ್ತಾರೆ ಅಂತ ತಡ್ಕೊಂಡಿದಾಳೆ.’ ನಿಜ, ಆ ಅಕ್ಕಿಕಾಳಿನಷ್ಟು ಮುಖದಲ್ಲಿ ತುಟಿಯ ಒಂದು ತುದಿ ಮಾತ್ರ ಕೊಂಚ ಮೇಲಿತ್ತು. ಈ ವಾಕ್ಯವನ್ನು ಅಂಕಲ್ ಎಷ್ಟು ರೀತಿಯಲ್ಲಿ ಹೇಳಿ ನೋಡಿದರೋ. ಕೊನೆಗೆ ಡಬ್ಬಿ ಒಳಗಿಟ್ಟು, “ಮಾತು ಎಲ್ಲಾ ಇದೆ ಕಣೋ. ದನಿ ಹೋಗ್ತಾ ಇದೆ” ಎಂದರು, ಯಾರದೋ ಎಕ್ಸ್‌ರೇ ನೋಡಿ ಹೇಳುವವರ ಹಾಗೆ.

ಈ ಕಾಲದಲ್ಲಿ ದನಿ ಹೋಗುವುದೆಂದರೇನು, ಫೋನಿನಲ್ಲಿ ಇರಲೇಬೇಕಲ್ಲ ಎನ್ನುತ್ತೀರಿ. ನಾನೂ ಕೇಳಿದೆ. ಆಂಟಿ ಫೋಟೋ ತೆಗೆಯುವವರು, ವಿಡಿಯೊ ಅವರಿಗೆ ಸೇರದು. ವಾಯ್ಸ್ ಮೆಸೇಜ್ ಕಳಿಸುವವರನ್ನು ಕಂಡರೆ ‘ಬೆರಳು ಬಿದ್ದುಹೋಗಿದೆಯಾ’ ಎನ್ನುತ್ತಿದ್ದರಂತೆ. ಒಂದೆರಡು ಮದುವೆಗಳ ವಿಡಿಯೊ ಇತ್ತು, ಹಾಕಿ ತೋರಿಸಿದರು. ಆಂಟಿ ಕ್ಯಾಮೆರಾದ ಕಡೆ ತಿರುಗಿ ಏನೋ ಹೇಳಿ ನಗುತ್ತಾರೆ. ಮೇಲೆ ವಿಡಿಯೊದವನು ಸಿನಿಮಾ ಹಾಡು ಹಚ್ಚಿದ್ದಾನೆ. ಅಂಕಲ್ ಸೌಂಡ್ ಜಾಸ್ತಿ ಮಾಡಿದರು. ಹಾಡೇ ಜಾಸ್ತಿಯಾಯಿತು.

ಕೇಳದ ದನಿಯೊಂದು ನನ್ನೊಳಗೆ ಕೂಡುತ್ತಿದ್ದದ್ದು ನನಗೇ ತಡವಾಗಿ ಗೊತ್ತಾಯಿತು. ಅಂಕಲ್ ‘ಹೀಗಲ್ಲ’ ಎಂದಾಗಲೆಲ್ಲ ಒಂದು ರೀತಿ ತಪ್ಪೆಂದು ತಿಳಿಯುತ್ತಿತ್ತು. ತಪ್ಪುಗಳನ್ನೆಲ್ಲ ಕಳೆದರೆ ಉಳಿಯುವುದು ಕಡಿಮೆ, ಸರಿಯಾದದ್ದು ಅದರಲ್ಲೇ ಇರಬೇಕು. ಚಟ ನೋಡಿ, ಬಸ್ಸಿನಲ್ಲಿ ಕೂತು ಉಸಿರು ಎಳೆದೆಳೆದು ಬಿಡುತ್ತ, ಕಾಣದ ಹೆಂಗಸಿನ ಉಸಿರು ಹುಡುಕುತ್ತಿದ್ದೆ. ಎದುರಿಗೆ ಕೂತ ಚೀನೀ ಹುಡುಗಿ ಎದ್ದು ಹಿಂದಿನ ಸೀಟಿಗೆ ಹೋದಳು.

ಸಾವಾದ ಮೊದಲ ವರ್ಷ ಗೊಂಬೆ ಕೂರಿಸುವಂತಿಲ್ಲ. ಮರುವರ್ಷ ಅಂಕಲ್ ಫೋನ್ ಮಾಡಿ, ಗ್ಯಾರೇಜಿನಿಂದ ಗೊಂಬೆ ಕೂರಿಸುವ ಮೆಟ್ಟಿಲು ಇಳಿಸಲು ಬನ್ನಿ ಎಂದರು. ನಾನೂ ಮೆಲ್ವಿನ್ನೂ ಹೋದಾಗ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಹುಣಸೆಹಣ್ಣಿನ ವಾಸನೆ.

ಹಬ್ಬಕ್ಕೆ ಮುಂಚೆ ಮನೆಯ ತಾಮ್ರ, ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗಬೇಕು. ಇದು ಮೈಸೂರಿನ ಮಗುವಿಗೂ ಗೊತ್ತು. ಡಬ್ಬಿಗಳ ಅಂಚು, ಕೀಲು ಕಪ್ಪಾಗಿದ್ದವು. ಆಂಟಿ ಬರೀ ಹತ್ತಿಯಲ್ಲಿ ಒರೆಸುತ್ತಿದ್ದದ್ದನ್ನು ಅಂಕಲ್ ನೋಡಿಯೇ ಇರಲಿಲ್ಲ; ಆ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿರುತ್ತಿದ್ದರು. ಬೆಳಗಿನಿಂದ ಫ್ರಾನ್ಸಿನ ಮಾನವಂತರನ್ನೆಲ್ಲ ಪಾತ್ರೆ ತೊಳೆಯುವ ಟಬ್ಬಿನಲ್ಲಿ ಹುಳಿನೀರಿಗಿಳಿಸಿ, ತೆಂಗಿನ ನಾರಿನಿಂದ ಉಜ್ಜಿದ್ದರು.

ದಿವಾನರು ಬಚಾವಾಗಿದ್ದರು. ಗೌಡರ ಮಗಳೂ ಕುರಿಮರಿಯೂ ಹೊಳೆಯುತ್ತಿದ್ದರು. ರಾಣಿಯ ಟೋಪಿ ಇತ್ತು, ಗರಿ ಇತ್ತು, ಕೊರಳ ರಿಬ್ಬನ್ನಿತ್ತು. ನಡುವೆ ಮುಖ ಇರಲಿಲ್ಲ. ಅಷ್ಟು ಜಾಗದಲ್ಲಿ ಬೂದುಬಣ್ಣದ ಒಂದು ಕಲೆ.

ಅಂಕಲ್ ಕೈ ಒದ್ದೆ ಮಾಡಿಕೊಂಡೇ ಕುರ್ಚಿಯ ಮೇಲೆ ಕೂತಿದ್ದರು. “ಒರೆಸಿದೆ ಅಷ್ಟೇ ಕಣಪ್ಪ. ಬಟ್ಟೆಗೆ ಬಂದುಬಿಡ್ತು.”

ನಾನು ಟಬ್ಬಿನ ಹುಳಿನೀರು ಚೆಲ್ಲಿ ಬಂದೆ. ಮೆಲ್ವಿನ್ ಫೋನಿನಲ್ಲಿ ಹುಡುಕಿ, ಹಳೆಯ ಪಿಂಗಾಣಿ, ಎನಾಮೆಲ್ ರಿಪೇರಿ ಮಾಡುವವರೊಬ್ಬರನ್ನು ಹಿಡಿದ. ಮರುದಿನ ಅವನ ಕಾರಿನಲ್ಲೇ ಹೋದೆವು. ಊರಾಚೆ ಗುಡ್ಡದ ಮೇಲೆ ಮನೆ, ಹಿಂದೆ ವರ್ಕ್‌ಶಾಪು. ಮೊಣಕೈವರೆಗೂ ಬಣ್ಣ ಮೆತ್ತಿದ ಒಬ್ಬ ಹೆಂಗಸು, ಮಾತಿಗಿಂತ ಮುಂಚೆ ನಗು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರಾಣಿಯನ್ನು ತಿರುಗಿಸಿ ನೋಡಿ, “ಇದಕ್ಕೆ ಏನು ಹಾಕಿದಿರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಟ್ಯಾಮರಿಂಡ್” ಎಂದರು ಅಂಕಲ್, ತಪ್ಪೊಪ್ಪಿಗೆಯ ದನಿಯಲ್ಲಿ.

ಆಕೆ ಮೂಸಿ ನೋಡಿ, ಹಸಿವಾಗುತ್ತಿದೆ ಎಂದರು. ಆಮೇಲೆ ಬಿಡಿಸಿ ಹೇಳಿದರು. ಬೆಂಕಿಯಲ್ಲಿ ಸುಟ್ಟ ಬಣ್ಣ ಹೀಗೆ ಒಂದು ಬೆಳಗಿನ ಹುಳಿಗೆ ಎದ್ದುಹೋಗುವುದಿಲ್ಲ, ಹೆಚ್ಚೆಂದರೆ ಹೊಳಪು ಮಂಕಾಗುತ್ತದೆ. ಎದ್ದುಹೋದ ಮುಖ ಸುಟ್ಟದ್ದಲ್ಲ. ಡಬ್ಬಿ ಎಂದೋ ಕೆಳಗೆ ಬಿದ್ದು ಅಸಲಿ ಮುಖ ಚಕ್ಕೆ ಹಾರಿದೆ. ಆಮೇಲೆ ಯಾರೋ ಅಲ್ಲಿ ಸಾಧಾರಣ ಬಣ್ಣದಲ್ಲಿ ಒಂದು ಮುಖ ಬರೆದಿದ್ದಾರೆ. ನಿಮ್ಮ ಹೆಂಡತಿ ಕೊಳ್ಳುವಾಗಲೇ ಅದು ಹಾಗಿದ್ದಿರಬೇಕು. ಫೋಟೋ ಇದ್ದರೆ ಕೊಡಿ, ಅದೇ ಮುಖವನ್ನು ನಾನು ಬರೆದುಕೊಡುತ್ತೇನೆ. ಆದರೆ ಮತ್ತೆ ಕುಲುಮೆಗೆ ಇಟ್ಟರೆ ಹಳೆಯ ಗಾಜು ಸೀಳಿಬಿಡುತ್ತದೆ. ಮೇಲೆ ಬರೆಯಬಹುದು, ಅಷ್ಟೇ. ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಫೋಟೋ ಇತ್ತು. ಆಂಟಿ ಎಲ್ಲವನ್ನೂ ಫೋಟೋ ತೆಗೆದಿಟ್ಟಿದ್ದರು. ಅಂಕಲ್ ಯೋಚನೆ ಮಾಡಿ ಹೇಳುತ್ತೇನೆಂದು ಡಬ್ಬಿ ಎತ್ತಿಕೊಂಡರು.

ಕಾರಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, “ಅಂದ್ರೆ, ನಗು ತಡ್ಕೊಂಡಿದ್ದು ಆ ಫ್ರೆಂಚ್ ಹೆಂಗಸಲ್ಲ. ರಿಪೇರಿಯವನು ಬರೆದಿದ್ದು” ಎಂದರು.

“ಮುಖ ಯಾರದ್ದಾದ್ರೆ ಎಂತ ಅಂಕಲ್, ಟೋಪಿ ಒರಿಜಿನಲ್ ಉಂಟಲ್ಲ” ಎಂದ ಮೆಲ್ವಿನ್.

ಅಂಕಲ್ ನಕ್ಕರು. ನಕ್ಕದ್ದು ಮೆಲ್ವಿನ್ನನಿಗಾಗಿ ಎಂದು ನನಗೆ ಗೊತ್ತಾಯಿತು. ಆ ನಗುವನ್ನು ಮಿಮಿಕ್ರಿ ಮಾಡಲು ನನಗೆ ಈಗಲೂ ಬರುವುದಿಲ್ಲ.

ಗೊಂಬೆ ಕೂತವು. ರಾಣಿ ತುದಿಯ ಮೆಟ್ಟಿಲಲ್ಲೇ, ಮುಖವಿಲ್ಲದೆ. ಸುತ್ತಲಿನ ಸಬರ್ಬುಗಳಿಂದ ಆಂಟಿಯರು, ಮಕ್ಕಳು ಬಂದರು. ಬೊಂಬೆ ಬಾಗಿನವೆಂದು ಮಕ್ಕಳಿಗೆ ಚಕ್ಕುಲಿ, ಕೊಬ್ಬರಿ ಮಿಠಾಯಿ ಕೊಡಬೇಕು. ಅಂಕಲ್ ಚಾಕೊಲೇಟ್ ಬಿಸ್ಕತ್ತು ತಂದಿದ್ದರು, ಮಕ್ಕಳಿಗೆ ಅದೇ ಹೆಚ್ಚಾಯಿತು. ಒಂದು ಪುಟ್ಟ ಹುಡುಗಿ ಅವಳಮ್ಮನ ಸೆರಗೆಳೆದು ರಾಣಿಯ ಮುಖವೆಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳಮ್ಮ ಶ್‌ ಎಂದಳು. ಹಾಲ್ ಪೂರ್ತಿ ಒಮ್ಮೆಗೇ ನಿಶ್ಶಬ್ದ.

ನಿಶ್ಶಬ್ದವೆಂದರೆ ನನಗೆ ತುರಿಕೆ. ತಕ್ಷಣ ಮುಂದೆ ನುಗ್ಗಿ ದಿವಾನರಿಂದ ಹಿಡಿದು ಪ್ರತಿಯೊಬ್ಬರ ಕಥೆ ಶುರುಮಾಡಿದೆ. ‘ಬೂಟಿಗೆ ಒಂದು ಚೂರು ಕೆಸರಿಲ್ಲ’ ಎಂದಾಗ ಎಲ್ಲರೂ ನಕ್ಕರು. ನನಗೆ ಹುರುಪು ಬಂತು. ಮನ್ಮಥನ ಅಕ್ಕನ ಮಕ್ಕಳಿಗೆ ಬರುವಷ್ಟರಲ್ಲಿ ಬಾಗಿಲ ಹತ್ತಿರ ಕೂತ ಹಿರಿಯ ಆಂಟಿಯೊಬ್ಬರು ಪಕ್ಕದವರ ಕೈ ಹಿಡಿದುಕೊಂಡು, “ಅಯ್ಯೋ, ಥೇಟ್ ವತ್ಸಲಾ ಹೇಳಿದ ಹಾಗೇ ಇದೆ ಕಣ್ರೀ” ಎಂದರು. ನಾನು ಗೋಡೆ ಕಡೆ ನೋಡಿದೆ. ಅಂಕಲ್ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದರು. ಕೇಳಿಸಿಕೊಂಡಿದ್ದರು. ಕಥೆಯನ್ನು ಬೇಗ ಮುಗಿಸಿದೆ.

ವಿಜಯದಶಮಿಯ ಸಂಜೆ ರಾಜರಾಣಿಯರನ್ನು ಮಲಗಿಸುವುದು ಪದ್ಧತಿ. ಎಲ್ಲರೂ ಹೋದಮೇಲೆ ನಾನೊಬ್ಬನೇ ಉಳಿದಿದ್ದೆ. ಅಕ್ಟೋಬರಿನ ಬಿಸಿಲು ಇನ್ನೂ ಕಾರ್ಪೆಟ್ಟಿನ ಮೇಲಿತ್ತು. “ಮಲಗಿಸೋದು ನನ್ನ ಕಸುಬೇ ತಾನೇ” ಎನ್ನುತ್ತ ಅಂಕಲ್ ಡಬ್ಬಿಯನ್ನು ಮೆಲ್ಲಗೆ ಪಕ್ಕಕ್ಕೆ ಒರಗಿಸಿದರು. ಹಾಗೇ ಬೆನ್ನು ಮಾಡಿಕೊಂಡೇ ಕೇಳಿದರು: “ಅವಳನ್ನ ಮಾಡ್ತೀಯೇನೋ?”

“ಯಾರನ್ನ ಅಂಕಲ್?”

“ಗೊತ್ತಿಲ್ಲದವನ ಹಾಗೆ ಆಡಬೇಡ. ಥೇಟ್ ವತ್ಸಲಾ ಅಂತ ಆವತ್ತು ಅವರು ಹೇಳಿದ್ರಲ್ಲ. ನಿನ್ನ ಹತ್ರ ಇದೆ ಅದು.” ಬಂದು ನನ್ನೆದುರು ಕೂತರು. “ಒಂದೇ ಒಂದು ಸಲ. ರಾಣಿದು ಹೇಳು. ನಗು ಬಂದಿದೆ, ಅತ್ತೆ ನೋಡ್ತಾರೆ ಅಂತ... ಅದು.”

ಇಷ್ಟು ದೊಡ್ಡ ಸಭೆ ನನಗೆ ಯಾವತ್ತೂ ಸಿಕ್ಕಿರಲಿಲ್ಲ, ಒಬ್ಬರೇ ಇದ್ದರು. ನೆಟ್ಟಗೆ ಕೂತೆ. ಆಕೆ ಭುಜ ಸಡಿಲ ಬಿಟ್ಟು, ಎದೆಯ ಮೇಲ್ಭಾಗದಿಂದ ಚಿಕ್ಕ ಉಸಿರು ತೆಗೆದುಕೊಂಡು, ಮಾತಿಗೆ ಮುಂಚೆಯೇ ಅರ್ಧ ನಕ್ಕಿರುತ್ತಿದ್ದರು ಎಂದು ನನಗೆ ಅಷ್ಟರಲ್ಲಿ ಖಾತ್ರಿಯಾಗಿತ್ತು. ಆ ಉಸಿರನ್ನು ಎಳೆದುಕೊಂಡೆ.

ಅಂಕಲ್ ಕೈ ಎತ್ತಿದರು. “ತಡಿ.”

ಕಾದೆ.

“ನೀನು ಚೆನ್ನಾಗಿ ಮಾಡಿಬಿಟ್ರೆ?”

“ಅದಕ್ಕೇ ತಾನೇ ಅಂಕಲ್ ಕೇಳ್ತಿರೋದು?”

“ಅಲ್ಲಾ ಕಣೋ. ಚೆನ್ನಾಗಿ ಮಾಡಿಬಿಟ್ರೆ ಆಮೇಲೆ ನನಗೆ ಕೇಳ್ಸೋದು ನೀನೇ. ಸ್ವಲ್ಪ ಉಳಿದಿದೆ. ಅದರ ಮೇಲೆ ನೀನು ಬಂದು ಕೂತ್ರೆ, ಯಾವುದು ಅವಳದು, ಯಾವುದು ನಿಂದು ಅಂತ ಗೊತ್ತಾಗಲ್ಲ.” ಎದ್ದರು. “ಬೇಡಪ್ಪ. ಕಾಫಿ ಮಾಡ್ತೀನಿ, ಕುಡೀತೀಯಾ?”

ಎಳೆದುಕೊಂಡಿದ್ದ ಉಸಿರು ಹಾಗೇ ಇತ್ತು. ಅದನ್ನು ಬರೀ ಉಸಿರಾಗಿಯೇ ಬಿಟ್ಟೆ. ಗುಡ್ಡದ ಮೇಲಿನ ಹೆಂಗಸಿಗೂ ಅಂಕಲ್ ಮತ್ತೆ ಫೋನ್ ಮಾಡಲಿಲ್ಲ.

ಆಮೇಲೆ ನನಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಮೆಲ್ವಿನ್ ಮದುವೆಯಾಗಿ ಮನೆಸಾಲದ ಮಾರ್ಟ್‌ಗೇಜಿನೊಳಗೆ ಕಣ್ಮರೆಯಾದ. ಇಲ್ಲಿ ಹತ್ತಿರದ ದಿ ಪಾಂಡ್ಸ್ ಬಡಾವಣೆಯ ಪಾರ್ಟಿಗಳಲ್ಲಿ ಮಿಮಿಕ್ರಿ ಮಾಡುತ್ತೇನೆ, ಜನ ನಗುತ್ತಾರೆ, ಡಬ್ಬಿಯಲ್ಲಿ ಬಿಸಿಬೇಳೆಬಾತ್ ಕಟ್ಟಿಕೊಡುತ್ತಾರೆ. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಅಷ್ಟು ಜನರಲ್ಲಿ ಒಬ್ಬರೂ ಜೊತೆಗೆ ಬಂದಿರುವುದಿಲ್ಲ. ರೈಸ್ ಕುಕ್ಕರಿನ ಮುಂದೆ ಪ್ರೊಫೆಸರರನ್ನು ಮಾಡಿ ನೋಡಿದ್ದೇನೆ. ಅದು ‘ಟಕ್’ ಎಂದು ಆಫ್ ಆಗುತ್ತದೆ.

ಮೊನ್ನೆ ಆ ವಾಸನೆ ಪಕ್ಕದಲ್ಲಿ ಕೂತು ಏಳಲೊಲ್ಲದ್ದಕ್ಕೆ ಅಂಕಲ್‌ಗೆ ಫೋನ್ ಮಾಡಿದೆ. ಹಲೋ ಎಂದರು. ಸಾರಿಗೆ ನೆನೆಹಾಕಿ ಬ್ರೆಡ್ಡು ತಿಂದದ್ದನ್ನು ಹೇಳಿದೆ, ಬೈದರು. ಮಂಡಿ ನೋವು, ಎದುರುಮನೆಯವರ ನಾಯಿ, ಎಲ್ಲ ಆಯಿತು. ಕೊನೆಗೆ ಕೇಳಿಯೇಬಿಟ್ಟೆ: “ಅಂಕಲ್, ಆಂಟಿ ದನಿ ಇದೆಯಾ ಇನ್ನೂ?”

ಹಳೆಯ ಬಿಡುವು, ರೋಗಿಗೆ ನಿದ್ದೆ ಹತ್ತುವಷ್ಟು.

“‘ರೀ’ ಅನ್ನೋದೊಂದು ಉಳಿದಿದೆ ಕಣೋ. ಅಡುಗೆಮನೆಯಿಂದ ಕರೀತಾಳೆ. ಸ್ಪಷ್ಟವಾಗಿ ಅವಳದೇ. ಹ್ಞಾಂ ಅಂತೀನಿ. ಮುಂದೆ ಏನಂದ್ಲೋ ಕೇಳ್ಸಲ್ಲ.”

ಆ ‘ರೀ’ ನನಗೆ ಗೊತ್ತಿತ್ತು. ಎಲ್ಲಿ ಎಳೆಯಬೇಕು, ಎಲ್ಲಿ ನಗು ಬೆರೆಸಿ ಬಿಡಬೇಕು, ಮುಂದೇನು ಕೇಳುತ್ತಿದ್ದರು ಎಂಬುದು ಕೂಡ ಗೊತ್ತಿದೆ ಎನ್ನಿಸಿತು. ನಾಲಿಗೆ ಆಗಲೇ ಮೇಲೆದ್ದು ಅಂಗುಳದ ಹತ್ತಿರ ಹೋಗಿ ನಿಂತಿತ್ತು. ಕೆಳಗಿಳಿಸಿದೆ.

ಅಂಕಲ್ ಫೋನ್ ಇಡಲಿಲ್ಲ, ಮಾತೂ ಆಡಲಿಲ್ಲ. ಅಲ್ಲಿ, ಆ ಶುಭ್ರವಾದ ಮನೆಯಲ್ಲಿ, ಅವರು ಕಿವಿಗೊಟ್ಟು ಕೂತಿದ್ದಾರೆಂದು ಇಲ್ಲಿಗೆ ತಿಳಿಯುತ್ತಿತ್ತು. ಕಿವಿಗೊಟ್ಟದ್ದು ನನ್ನ ಕಡೆಗಲ್ಲ. ಅಡ್ಡ ಬರಬಾರದೆಂದು ನಾನು ಉಸಿರನ್ನೂ ಸಣ್ಣಗೆ ಬಿಡುತ್ತ ಕೂತೆ.